ಗೇಟು ಬಿದ್ದರೆ ಸಾಯುವ ಸ್ಕೂಟರು

ಸ್ವಲ್ಪ ತಡೆಯಿರಿ, ಪುಟ ತಿರುವಬೇಡಿ! ನಮ್ಮ ಸ್ಕೂಟರಿನ ಸೀಟಿನ ಕೆಳಗೆ ಕೊನೆಗೆ ಏನು ಸಿಕ್ಕಿತು ಅಂತ ಹೇಳುತ್ತೇನೆ, ಅಲ್ಲಿಯವರೆಗಾದರೂ ಕಾಯಿರಿ. ಈಗಲೇ ಹೇಳಿಬಿಡೋಣವೆಂದು ನಾಲಿಗೆ ತುರಿಸುತ್ತಿದೆ. ಆದರೆ ಕಾರ್ಬುರೇಟರನ್ನು ನಾಲ್ಕು ಸಲ ಬಿಚ್ಚಿ ಜೋಡಿಸಿದ ಮನುಷ್ಯನಿಗೆ ಕಥೆಯನ್ನು ಮೊದಲಿನಿಂದ ಹೇಳುವ ಹಕ್ಕಾದರೂ ಬೇಡವೇ?

ನಮ್ಮದು ಬ್ಯಾಡಗಿ. ಅಪ್ಪ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಹೆಸರು ಬರೆಸಿ ವರ್ಷಗಟ್ಟಲೆ ಕಾದ ಮೇಲೆ, ಹೋದ ವರ್ಷ ಮನೆಗೆ ಸ್ಕೂಟರು ಬಂತು. ಅದರ ಜೊತೆ ಬಂದ ಪುಸ್ತಿಕೆಯನ್ನು ಅಪ್ಪ ದೇವರ ಜಗಲಿಯ ಮೇಲಿಟ್ಟ. ನಾನು ಅಲ್ಲಿಂದ ಕದ್ದು ಬಾಯಿಪಾಠ ಮಾಡಿದೆ. ಅಂದಿನಿಂದ ನಾನು ಎಂಜಿನ್ ತಜ್ಞ. ಗುರು ಇಲ್ಲ, ಗ್ಯಾರೇಜು ಇಲ್ಲ, ಒಂದು ಸ್ಕ್ರೂಡ್ರೈವರು ಮಾತ್ರ ಇದೆ.

ತಜ್ಞನಾದವನು ಸುಮ್ಮನಿರುತ್ತಾನೆಯೇ? ಒಂದು ಸಂಜೆ ಮನೆಯವರನ್ನೆಲ್ಲ ಪಡಸಾಲೆಯಲ್ಲಿ ಕೂಡಿಸಿ ಭಾಷಣ ಮಾಡಿದೆ. ಗಳಗನಾಥದಲ್ಲಿ ವರದಾ ನದಿ ತುಂಗಭದ್ರೆಯನ್ನು ಕೂಡುವ ಹಾಗೆ ಕಾರ್ಬುರೇಟರಿನಲ್ಲಿ ಪೆಟ್ರೋಲು ಗಾಳಿಯನ್ನು ಕೂಡುತ್ತದೆ ಎಂದೆ. ಒಂದು ಹೊಳೆ ಹೆಚ್ಚಾಗಿ ಇನ್ನೊಂದು ಕಡಿಮೆಯಾದರೆ ಸಂಗಮ ಕೆಟ್ಟಿತು ಎಂದೆ. ಸೀಟು ಎತ್ತಿ, ಕೆಳಗಿನ ತೂತು ತೋರಿಸಿ, "ನೋಡ್ರಿ, ಇದು ಇದರ ಮೂಗು! ಇಲ್ಲಿಂದನ ಉಸಿರು ತಗೋತೈತಿ" ಎಂದೆ. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಶಾಂತಕ್ಕ ಆಕಳಿಸಿದಳು. ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದಳು, ಕೂತೇ ಇದ್ದಳು. ಇಂಥ ಮನೆಯಲ್ಲಿ ವಿಜ್ಞಾನ ಹೇಗೆ ಬೆಳೆಯಬೇಕು ಎಂದು ನೊಂದುಕೊಂಡು ಮಲಗಿದೆ.

ಅದಾಗಿ ಸ್ವಲ್ಪ ದಿನಕ್ಕೆ ಶಾಂತಕ್ಕನಿಗೆ ಕದರಮಂಡಲಗಿಯ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಬಸ್ಸು ಅವಳನ್ನು ಪ್ರಾರ್ಥನೆ ಮುಗಿದ ಮೇಲೆ ಮುಟ್ಟಿಸುತ್ತಿತ್ತು, ಹೆಡ್ ಮಾಸ್ತರರು ಎರಡು ಸಲ ಗಡಿಯಾರ ತೋರಿಸಿದ್ದರು. ಸಂತೆ ಇಲ್ಲದ ದಿನ ಖಾಲಿ ಮಾರ್ಕೆಟ್ ಯಾರ್ಡಿನಲ್ಲಿ ನಾನೇ ಅವಳಿಗೆ ಸ್ಕೂಟರು ಕಲಿಸಿದೆ. ಎಂಟೇ ದಿನಕ್ಕೆ ನನಗಿಂತ ಚೆನ್ನಾಗಿ ಓಡಿಸಿದಳು. ಅಪ್ಪನೂ ಹೂಂ ಅಂದ. ಸರಿಯಾಗಿ ಆಗಲೇ ರೋಗ ಶುರುವಾಯಿತು ನೋಡಿ!

ಓಡುವಾಗ ಓಡುತ್ತಿತ್ತು. ಏರಿನಲ್ಲಿ ಸ್ವಲ್ಪ ಏದುಸಿರು, ಅಷ್ಟೇ. ಆದರೆ ಸ್ಟೇಷನ್ ಹತ್ತಿರದ ರೈಲ್ವೆ ಗೇಟಿನಲ್ಲಿ ನಿಂತು ಆಕ್ಸಿಲರೇಟರ್ ಬಿಟ್ಟರೆ ಸಾಕು, ಗೊರ್‌ ಗೊರ್‌ ಎಂದು ಕೆಮ್ಮಿ ಆರಿಹೋಗುತ್ತಿತ್ತು. ಗೇಟು ತೆರೆದಾಗ ಹಿಂದಿನ ಲಾರಿಗಳೆಲ್ಲ ಹಾರ್ನ್ ಹೊಡೆಯುತ್ತಿದ್ದರೆ ಅಕ್ಕ ನಡುರಸ್ತೆಯಲ್ಲಿ ಸೀರೆ ಎತ್ತಿ ಹಿಡಿದು ಕಿಕ್ ಹೊಡೆಯಬೇಕು. ಹಮಾಲರು ನಗುತ್ತಿದ್ದರು. ಸುದ್ದಿ ಅಪ್ಪನ ಅಂಗಡಿ ಮುಟ್ಟಿತು.

"ನಿಂತ್ರ ಬಂದ್ ಬೀಳೋ ಗಾಡಿ ಮ್ಯಾಲೆ ಹುಡುಗೀನ ಕಳಸೂದಿಲ್ಲ," ಎಂದ ಅಪ್ಪ. "ಐತವಾರ ನಾನೂ ಹಿಂದ ಕುಂದರ್ತೇನಿ. ಗೇಟಿನ್ಯಾಗ ಬಂದ್ ಬಿತ್ತಂದ್ರ ಗಾಡಿ ಮಾರಿಬಿಡೂದು. ಶಾಂತಾ ಬಸ್ಸಿಗೆ ಹೋಗ್ಲಿ."

ಅಕ್ಕ ನನ್ನ ಕಡೆ ತಿರುಗಿದಳು. "ಏ ತಜ್ಞಾ, ಐತವಾರದೊಳಗ ಮಾಡ್ತೀಯೋ, ಇಲ್ಲಾ ಆ ಪುಸ್ತಕಾ ಒಲೀಗೆ ಹಾಕ್ಲೋ?"

ಒಂದು ಮಾತು ಹೇಳುತ್ತೇನೆ. ಎಂಜಿನ್ನಿಗೆ ಓಡುವುದು ಸುಲಭ. ಯಾರೂ ಕಿವಿ ಹಿಂಡದೆ ತನ್ನಷ್ಟಕ್ಕೆ ಮೆಲ್ಲಗೆ ಉಸಿರಾಡುತ್ತ ನಿಂತಿರುವುದೇ ಕಷ್ಟ. ಅದಕ್ಕೆ ಹನಿ ಪೆಟ್ರೋಲು, ಚೂರು ಗಾಳಿ, ಎರಡೂ ಅಳತೆಯಲ್ಲಿ ಬೇಕು. ಈ ಹನಿ ಬರುವುದು ಸೂಜಿಮೊನೆಯಷ್ಟು ಸಣ್ಣ ತೂತಿನಿಂದ. ಅದೇ ಕಟ್ಟಿದೆ ಎಂದು ನನ್ನ ತೀರ್ಪು! ಕಸಬರಿಗೆಯ ಕಡ್ಡಿ ತಂದು ಚುಚ್ಚಿದೆ, ಪೆಟ್ರೋಲಿನಲ್ಲಿ ತೊಳೆದೆ, ಊದಿದೆ. ಕಾರ್ಬುರೇಟರ್ ಕೂತಿರುವ ಡಬ್ಬಿಯ ಮುಚ್ಚಳ ತೆರೆದಿಟ್ಟೇ ಚಾಲೂ ಮಾಡಿದರೆ ಆಹಾ, ಡುಗು ಡುಗು ಎಂದು ತಾಳ ತಪ್ಪದೆ ನಿಂತಿತು. ಕುಣಿದಾಡಿಬಿಟ್ಟೆ. ಮುಚ್ಚಳ ಹಾಕಿದೆ. ಸತ್ತಿತು. ಮತ್ತೆ ಬಿಚ್ಚಿದೆ, ಬದುಕಿತು. ಹಾಕಿದೆ, ಸತ್ತಿತು. ಹೀಗೆ ನಾಲ್ಕು ಸಲ! ಬುದ್ಧಿ ಇದ್ದವನಿಗೆ ಅಷ್ಟರಲ್ಲೇ ಹೊಳೆಯಬೇಕಿತ್ತು. ನಾನು ಮುಚ್ಚಳದ ಸ್ಕ್ರೂಗಳನ್ನು ಅನುಮಾನಿಸುತ್ತ ಕೂತೆ.

ಶನಿವಾರ ಮಧ್ಯಾಹ್ನ ಸೋಲೊಪ್ಪಿಕೊಂಡು, ಸ್ಪಾರ್ಕ್ ಪ್ಲಗ್ಗನ್ನು ಕರವಸ್ತ್ರದಲ್ಲಿ ಸುತ್ತಿ ರಾಣೇಬೆನ್ನೂರಿನ ಬಸ್ಸು ಹತ್ತಿದೆ. ಅಲ್ಲಿ ಮಿಸ್ತ್ರಿ ಬಸಣ್ಣ ಇದ್ದಾನೆ. ಅವನು ಪುಸ್ತಿಕೆ ಓದಿದವನಲ್ಲ, ಅದಕ್ಕೇ ಅಷ್ಟು ದಿನ ಅವನ ಹತ್ತಿರ ಹೋಗಿರಲಿಲ್ಲ. ಅವನು ಪ್ಲಗ್ಗನ್ನು ಬೆಳಕಿಗೆ ಹಿಡಿದು, ಡಾಕ್ಟರು ನಾಲಿಗೆ ನೋಡುವಂತೆ ನೋಡಿದ. ಅದು ಕಾಡಿಗೆ ಬಳಿದಂತೆ ಕಪ್ಪಗಿತ್ತು.

"ಕಾರ್ಬುರೇಟರ್ ಬಿಚ್ಚೀದೇನು?"

"ನಾಕ ಸಲ, ಬಸಣ್ಣಾರ."

"ಅದೇನ್ ಪಾಪಾ ಮಾಡಿತ್ತೋ! ಇದರ ಹೊಟ್ಟಿ ತುಂಬೇತಿ, ಉಸಿರು ಸಾಲವಲ್ದು. ಗಾಳಿ ಎಲ್ಲಿಂದ ಹೊಕ್ಕತೈತಿ, ಅಲ್ಲಿ ನೋಡಿದೇನು?"

ಮೂಗು! ನಾನೇ ಮನೆಯವರಿಗೆಲ್ಲ ತೋರಿಸಿದ ಮೂಗು! ಮುಚ್ಚಳ ತೆರೆದಾಗ ಅದು ಬಾಯಿಂದ ಉಸಿರಾಡುತ್ತಿತ್ತು. ಹಾಕಿದಾಗ ಮೂಗೇ ಗತಿ. ಚಹಾ ಕೂಡ ಕುಡಿಯದೆ ಬಸ್ಸಿಗೆ ಓಡಿದೆ.

ಮನೆಗೆ ಬಂದವನೇ ಸೀಟು ಎತ್ತಿದೆ. ತೂತಿನೊಳಗೆ ಬೆರಳು ಹಾಕಿದೆ. ಬಟ್ಟೆ! ಅಪ್ಪನ ಹಳೇ ಧೋತರದ ತುಂಡು, ನಾಲ್ಕು ಮಡಿಕೆ ಮಾಡಿ, ಒದ್ದೆ ಮಾಡಿ, ಮುದ್ದಾಗಿ ತುರುಕಿದ್ದು. ಮೇಲೆ ಕೆಂಪು ಧೂಳು ಮೆತ್ತಿ ರೊಟ್ಟಿಯಂತಾಗಿತ್ತು. ಆ ಮಡಿಕೆ ನನಗೆ ಗೊತ್ತು. ಮೆಣಸಿನಕಾಯಿ ಸುಗ್ಗಿಯಲ್ಲಿ ನಮ್ಮೂರಲ್ಲಿ ಮೂಗಿಗೆ ಬಟ್ಟೆ ಕಟ್ಟದೆ ಹೊರಬೀಳುವಂತಿಲ್ಲ. ನಮ್ಮ ಮನೆಯಲ್ಲಿ ಪ್ರತಿಯೊಬ್ಬರಿಗೂ ಹಾಗೇ ನಾಲ್ಕು ಮಡಿಕೆ ಒದ್ದೆ ಬಟ್ಟೆ ಮಡಚಿ ಕೊಡುವವಳು ಅವ್ವ.

"ಅವ್ವಾ, ಇದನ್ನ ನೀ ತುರುಕಿದೇನು?"

"ಹೂಂ. ಸುಗ್ಗಿ ಚಾಲೂ ಆದಾಗಿಂದ ದಿನಾ ಬೆಳಗ್ಗೆ ನೀರ ಹನಸತೇನಿ. ನಮ್ಮ ಬಾಜೂಕನ ನಿಂದರ್ತೈತಿ, ಅದಕ್ಕ ಘಾಟು ಬಡಿಯೂದಿಲ್ಲೇನು? ಮೂಗು ಇಲ್ಲೇ ಐತಿ ಅಂತ ನೀನ ಹೇಳಿದೆಲ್ಲೋ ತಮ್ಮಾ."

ಅಕ್ಕ ನಕ್ಕು ನಕ್ಕು ಹೊಸ್ತಿಲ ಮೇಲೇ ಕೂತುಬಿಟ್ಟಳು. ನನ್ನ ಭಾಷಣವನ್ನು ಜಗತ್ತಿನಲ್ಲಿ ಒಬ್ಬಳೇ ಒಬ್ಬಳು ಮನಸ್ಸಿಟ್ಟು ಕೇಳಿದ್ದಳು, ಅವಳಿಂದಲೇ ಎಂಜಿನ್ನು ಕೆಟ್ಟಿತ್ತು!

ಭಾನುವಾರ ಅಕ್ಕ ಮುಂದೆ, ಅಪ್ಪ ಹಿಂದೆ, ನಾನು ಸೈಕಲ್ ಮೇಲೆ ಬೆನ್ನಟ್ಟಿ. ಗೇಟು ಬಿತ್ತು. ಅಕ್ಕ ಆಕ್ಸಿಲರೇಟರ್ ಬಿಟ್ಟು ಎರಡೂ ಕೈ ತೊಡೆಯ ಮೇಲಿಟ್ಟಳು. ಡುಗು ಡುಗು ಡುಗು. ಬಂದದ್ದು ಗೂಡ್ಸ್ ರೈಲು, ಡಬ್ಬಿ ಮುಗಿಯುವುದೇ ಇಲ್ಲ! ಡುಗು ಡುಗು. ಕೊನೆಯ ಡಬ್ಬಿ ದಾಟಿತು, ಗೇಟಿನವನಿಗೆ ಅವಸರವೇ ಇಲ್ಲ. ಡುಗು ಡುಗು. ಅಪ್ಪ ಗಂಟಲು ಸರಿಮಾಡಿಕೊಂಡ.

"ಬಂದ್ ಮಾಡ ಶಾಂತಾ, ಸುಮ್ಮನ ಪೆಟ್ರೋಲ್ ಸುಡಾಕತ್ತೈತಿ."

"ಇಲ್ಲಪ್ಪಾ," ಎಂದಳು ಅಕ್ಕ, ಹಿಂತಿರುಗಿ ನೋಡದೆ. "ಗೇಟು ತೆಗೀಲಿ."

ಸೋಮವಾರ ಅವಳು ಪ್ರಾರ್ಥನೆಯ ಗಂಟೆಗಿಂತ ಮೊದಲೇ ಶಾಲೆ ಮುಟ್ಟಿದಳು. ಆ ಧೋತರದ ತುಂಡನ್ನು ಅವ್ವ ತೊಳೆದು ಒಣಗಿಸಿ ನನ್ನ ಕೈಗಿಟ್ಟು, "ಇನ್ನ ಮ್ಯಾಲೆ ಭಾಷಣಕ್ಕ ನಿಂತಾಗ ಬಾಯಿಗೆ ಕಟಗೋ" ಎಂದಳು. ಕಟ್ಟಿಕೊಂಡಿಲ್ಲ, ಆದರೆ ಒಂದು ಕಲಿತೆ: ಮನೆಯಲ್ಲಿ ಯಾರೂ ಕೇಳುತ್ತಿಲ್ಲ ಅಂದುಕೊಂಡು ಮಾತಾಡಬಾರದು. ತೊಟ್ಟು ಬಿಡಿಸುತ್ತ ಕೂತವರು ಎಲ್ಲವನ್ನೂ ಕೇಳಿಸಿಕೊಂಡು, ಬೆಳಿಗ್ಗೆ ಬೇಗ ಎದ್ದು, ತಮಗೆ ತಿಳಿದ ಹಾಗೆ ಪ್ರೀತಿ ಮಾಡಿಬಿಟ್ಟಿರುತ್ತಾರೆ.

ಅಂದ ಹಾಗೆ, ನಿಮ್ಮ ಗಾಡಿಯೂ ಎಲ್ಲೋ ನಿಂತಲ್ಲೇ ಆರಿಹೋಗಿರಬೇಕಲ್ಲ? ನೀವು ಯಾವುದನ್ನು ಬಿಚ್ಚಿದಿರಿ, ಕೊನೆಗೆ ಸಿಕ್ಕಿದ್ದೇನು? ಒಂದು ಕಾರ್ಡಿನಲ್ಲಾದರೂ ಬರೆದು ಹಾಕಿ. ಸ್ಕ್ರೂಡ್ರೈವರು ಕೈಯಲ್ಲಿ ಹಿಡಿದೇ ಕೂತಿದ್ದೇನೆ.