ಹೊತ್ತು ಮುಳುಗಲೆಂದು ಕಾದು ನೋಡಿದ ಪ್ರಾಗ್

ಕುವೈತಿನಿಂದ ನಾವು ಹೊರಟದ್ದು ಜುಲೈ ತಿಂಗಳ ಒಂದು ಬುಧವಾರ ಬೆಳಿಗ್ಗೆ. ನಾವು ಎಂದರೆ ನಾನು, ನನ್ನ ಯಜಮಾನರಾದ ಬು ಯೂಸುಫ್, ಮತ್ತು ಪಾರ್ಶ್ವವಾಯು ಬಡಿದ ಮೇಲೆ ಅವರಿಗೆ ಜೊತೆಯಾದ ಮಡಚುವ ಗಾಲಿಕುರ್ಚಿ. ಬು ಯೂಸುಫ್ ಎಂದರೆ ಯೂಸುಫನ ಅಪ್ಪ. ಅಲ್ಲಿ ಹಿರಿಯರನ್ನು ಹೆಸರು ಹಿಡಿದು ಕರೆಯುವುದಿಲ್ಲ, ದೊಡ್ಡ ಮಗನ ಹೆಸರಿನ ಮೇಲೆ ಕರೆಯುತ್ತಾರೆ. ಶುವೈಖ್‌ನಲ್ಲಿ ಅವರದೊಂದು ಕಾರು ಬಿಡಿಭಾಗಗಳ ಅಂಗಡಿ. ಅದರಲ್ಲಿ ನಾನು ಇಪ್ಪತ್ತಾರು ವರ್ಷಗಳಿಂದ ಲೆಕ್ಕ ಬರೆಯುತ್ತ, ಮಾಲು ಎಣಿಸುತ್ತ, ಬಂದವರಿಗೆ ಚಹಾ ಕೊಡಿಸುತ್ತ ಇದ್ದೇನೆ. ಊರು ಮುಲ್ಕಿ. ಹೆಸರು ಸದಾನಂದ, ಅವರ ಬಾಯಲ್ಲಿ ಸದಾ.

ಪ್ರತಿ ಬೇಸಿಗೆಯಲ್ಲಿ ಬು ಯೂಸುಫರನ್ನು ಅವರ ಮಕ್ಕಳು ತಂಪು ದೇಶಕ್ಕೆ ಕರೆದುಕೊಂಡು ಹೋಗುವುದು ರೂಢಿ. ಈ ಸಲ ಮಕ್ಕಳಿಗೆ ಪುರುಸೊತ್ತಿರಲಿಲ್ಲ. ಯೂಸುಫ್ ನನ್ನನ್ನು ಕರೆದು, ನೀನೇ ಹೋಗಿ ಬಾ, ನಿನಗೂ ಒಂದು ಯುರೋಪ್ ಆಗುತ್ತದೆ ಎಂದ. ನನಗೆ ಯುರೋಪ್ ಬೇಕಾಗಿರಲಿಲ್ಲ. ನನಗೆ ಬೇಕಾಗಿದ್ದದ್ದು ಮುಲ್ಕಿ. ಮಗಳ ಮದುವೆ ಆಗಿದೆ, ಮನೆ ಕಟ್ಟಿ ಆಗಿದೆ, ಹೆಂಡತಿ ಶೋಭಾ ಅಲ್ಲೇ ಒಂದು ಹೊಲಿಗೆ ಅಂಗಡಿ ಇಟ್ಟುಕೊಂಡು ಮೂರು ವರ್ಷಗಳಿಂದ ನನ್ನ ದಾರಿ ನೋಡುತ್ತಿದ್ದಾಳೆ. ಆ ಮೂರು ವರ್ಷವೂ ಕೆಲಸ ಬಿಡುವ ಮಾತನ್ನು ನಾನು ಬು ಯೂಸುಫರ ಮುಂದೆ ಎತ್ತಲಾರದೆ ನುಂಗಿಕೊಂಡಿದ್ದೆ. ಯೂಸುಫನಲ್ಲಿ ಒಮ್ಮೆ ಕೇಳಿದ್ದಕ್ಕೆ, ಬಾಬಾ ಒಪ್ಪಿದರೆ ನಮ್ಮದೇನೂ ಅಡ್ಡಿಯಿಲ್ಲ, ಹೊತ್ತು ನೋಡಿ ನೀನೇ ಕೇಳು ಎಂದಿದ್ದ.

ಹೊತ್ತು ನೋಡಿ ಕೇಳುವುದು ಕುವೈತಿನಲ್ಲಿ ದುಡಿಯುವವರೆಲ್ಲ ಕಲಿತಿರುವ ಒಂದು ವಿದ್ಯೆ. ಸಾಲ್ಮಿಯಾದ ನಮ್ಮ ಕೋಣೆಯ ಗೆಳೆಯರು ಹೊರಡುವ ಹಿಂದಿನ ಸಂಜೆ ನನಗೆ ಅದನ್ನು ಇನ್ನೊಮ್ಮೆ ಪಾಠ ಮಾಡಿದರು. ಕಫೀಲ್, ಎಂದರೆ ನಮ್ಮ ವೀಸಾಕ್ಕೆ ಹೊಣೆಯಾದ ಯಜಮಾನ, ಹಸಿದಿರುವಾಗ ಕೇಳಬಾರದು. ಕಾರಿನಲ್ಲಿ ಕೇಳಬಾರದು. ಮಕ್ಕಳು ಎದುರಿಗಿರುವಾಗ ಕೇಳಲೇಬಾರದು. ಮಧ್ಯಾಹ್ನ ಮಲಗಿ ಎದ್ದು, ಇಳಿಹೊತ್ತಿನ ಅಸರ್ ನಮಾಜು ಮುಗಿಸಿ, ಎರಡನೇ ಲೋಟ ಚಹಾ ಕೈಗೆ ಬಂದಾಗ ಕೇಳಬೇಕು. ಐದು ದಿನ ಅವರೂ ನಾನೂ ಇಬ್ಬರೇ. ಐದು ಚಹಾಗಳಲ್ಲಿ ಒಂದಾದರೂ ಒದಗಿ ಬರುತ್ತದೆ ಎಂದುಕೊಂಡು ವಿಮಾನ ಹತ್ತಿದೆ.

ಇಸ್ತಾಂಬುಲ್‌ನಲ್ಲಿ ವಿಮಾನ ಬದಲಿಸಿ ಪ್ರಾಗ್ ತಲುಪುವಾಗ ಸಂಜೆಯಾಗಿತ್ತು. ಕುವೈತಿನಲ್ಲಿ ನಲವತ್ತೆಂಟು ಡಿಗ್ರಿ ಬಿಟ್ಟು ಬಂದವರಿಗೆ ಇಲ್ಲಿ ಇಪ್ಪತ್ತಮೂರು. ಟ್ಯಾಕ್ಸಿಯ ಚಾಲಕ ಕಿಟಕಿ ಇಳಿಸಿದ್ದ; ಬು ಯೂಸುಫ್ ಅದನ್ನು ಮುಚ್ಚಿಸಿ ಎಸಿ ಹಾಕಿಸಿದರು. ಮುಕ್ಕಾಲು ಗಂಟೆಯಲ್ಲಿ ಹಳೆಯ ಪಟ್ಟಣದ ಹತ್ತಿರದ ಹೋಟೆಲು ಸೇರಿದೆವು. ಕೆಂಪು ಹಂಚಿನ ಮಾಡುಗಳು ಕಂಡಾಗ ನನಗೆ ಒಂದು ಕ್ಷಣ ನಮ್ಮ ಕಡೆಯ ನೆನಪಾಯಿತು. ನೋಡುತ್ತ ನಿಲ್ಲುವಷ್ಟು ತ್ರಾಣ ಕಾಲಿನಲ್ಲಿ ಇರಲಿಲ್ಲ.

ಇನ್ನು ನಮ್ಮ ಮೂರ್ಖತನ ಹೇಳಬೇಕು. ಕುವೈತಿನ ಬೇಸಿಗೆಯಲ್ಲಿ ಹಗಲು ಯಾರೂ ಹೊರಗೆ ಬರುವುದಿಲ್ಲ. ಪರದೆ ಎಳೆದು ಮಲಗುವುದು, ಹೊತ್ತು ಮುಳುಗಿದ ಮೇಲೆ ಪೇಟೆ, ಕಡಲತೀರ, ನೆಂಟರ ಮನೆ. ವರ್ಷಗಟ್ಟಲೆ ಹಾಗೆ ಬದುಕಿದವರಿಗೆ ಬಿಸಿಲು ಎಂದರೆ ಬಾಗಿಲ ಹೊರಗೆ ನಿಲ್ಲಿಸಬೇಕಾದ ವಸ್ತು. ಗುರುವಾರ ಬೆಳಿಗ್ಗೆ ನಾನು ಪರದೆ ಸರಿಸಿದ ಕೂಡಲೇ ಬು ಯೂಸುಫ್ ಕಣ್ಣಿಗೆ ಕೈ ಅಡ್ಡ ಇಟ್ಟು, ಮುಚ್ಚು, ಬಿಸಿಲು ಇಳಿಯಲಿ, ಆಮೇಲೆ ಹೋಗೋಣ ಎಂದರು. ನನಗೂ ಅದು ಸರಿಯೆಂದೇ ಕಂಡಿತು. ಪರದೆ ಮುಚ್ಚಿದೆ. ಬಿಸಿಲು ಇಳಿಯಲಿಲ್ಲ. ಆರಾಯಿತು, ಏಳಾಯಿತು, ಎಂಟಾಯಿತು, ಆ ಊರಿನ ಸೂರ್ಯನಿಗೆ ಮನೆಗೆ ಹೋಗುವ ಮನಸ್ಸೇ ಇದ್ದಂತೆ ಕಾಣಲಿಲ್ಲ. ಒಂಬತ್ತು ಕಳೆದ ಮೇಲೆ ಕತ್ತಲಾಯಿತು. ಕುರ್ಚಿ ತಳ್ಳಿಕೊಂಡು ಹೊರಟರೆ ವಸ್ತುಸಂಗ್ರಹಾಲಯಕ್ಕೆ ಬೀಗ, ಇಗರ್ಜಿಗೆ ಬೀಗ, ಗೋಪುರದ ಲಿಫ್ಟಿಗೆ ಬೀಗ.

ನಮಗಾಗಿ ತೆರೆದಿದ್ದದ್ದು ಚೌಕದ ದೊಡ್ಡ ಗಡಿಯಾರ ಒಂದೇ. ಆರುನೂರು ವರ್ಷ ಹಳೆಯದಂತೆ. ಗಂಟೆಗೊಮ್ಮೆ ಮೇಲಿನ ಎರಡು ಕಿಂಡಿಗಳು ತೆರೆದು ಸಂತರ ಬೊಂಬೆಗಳು ಒಂದೊಂದಾಗಿ ಮುಖ ತೋರಿಸಿ ಹೋಗುತ್ತವೆ. ಪಕ್ಕದಲ್ಲಿ ಒಂದು ಎಲುಬುಗೂಡು ಗಂಟೆ ಬಾರಿಸುತ್ತದೆ. ಜನ ಫೋನು ಎತ್ತಿ ಹಿಡಿದು ಉಸಿರು ಬಿಗಿಹಿಡಿದಿದ್ದರು. ಒಂದು ನಿಮಿಷದಲ್ಲಿ ಎಲ್ಲ ಮುಗಿಯಿತು. ಇಷ್ಟೇಯಾ ಎಂದರು ಬು ಯೂಸುಫ್. ಇಷ್ಟೇ ಎಂದೆ. ಒಬ್ಬ ತುರ್ಕಿಯವನ ಅಂಗಡಿಯಲ್ಲಿ ಕಬಾಬು ತಿಂದು ವಾಪಸಾದೆವು. ಶುಕ್ರವಾರವೂ ಅದೇ ಕತೆ, ಅದೇ ಬೀಗಗಳು, ಅದೇ ಎಲುಬುಗೂಡು.

ನನ್ನ ಚಹಾದ ಲೆಕ್ಕವೂ ತಲೆಕೆಳಗಾಗಿತ್ತು. ಸಂಜೆ ಐದರ ಮೇಲೆ ಅಸರ್ ನಮಾಜು. ಅದು ಮುಗಿಸಿ ಅವರು ಬಿಸಿಲಿಗೆ ಬೆನ್ನು ಹಾಕಿ ಮತ್ತೆ ಮಲಗುವರು. ಎದ್ದಾಗ ಹಸಿವು. ತಿಂದಾಗ ನಿದ್ದೆ. ಹೋಟೆಲಿನವರು ಕೊಡುವ ಚಹಾದ ಚೀಲವನ್ನು ಕಂಡರೆ ಅವರಿಗೆ ಸಿಟ್ಟು. ಕೇಳುವ ಹೊತ್ತು ಎಂಬುದೇ ಆ ಕೋಣೆಗೆ ಬರಲಿಲ್ಲ.

ಶುಕ್ರವಾರ ಶೋಭಾ ಫೋನು ಮಾಡಿದಳು. ಏನೇನು ನೋಡಿದಿರಿ ಎಂದು ಕೇಳಿದಳು. ಬೀಗಗಳ ಸುದ್ದಿ ಹೇಳಿದೆ. ಅವಳು ಹೇಳಿದಳು:

"ಅಲ್ಲ ಮಾರಾಯ್ರೆ, ಅಲ್ಲಿ ಹಗಲಿಗೆ ಹೊರಗೆ ಹೋದ್ರೆ ಎಂತ ಆಗ್ತದೆ? ಇಪ್ಪತ್ತ್ಮೂರು ಡಿಗ್ರಿಯಲ್ಲಿ ಯಾರಾದ್ರೂ ಕರಗ್ತಾರಾ?"

ಆಮೇಲೆ ಅವಳು ದನಿ ತಗ್ಗಿಸಿ, ಅವರಲ್ಲಿ ಕೇಳಿದಿರಾ ಎಂದಳು. ಇಲ್ಲ ಎಂದೆ. ಬ್ಲೌಸಿಗೆ ಅಳತೆ ಕೊಡಲು ಯಾರೋ ಬಂದಿದ್ದಾರೆ ಎಂದು ಹೇಳಿ ಫೋನು ಇಟ್ಟಳು. ಅವಳು ಜಗಳವಾಡಿದ್ದರೆ ನನಗೆ ಇಷ್ಟು ಬೇಸರವಾಗುತ್ತಿರಲಿಲ್ಲ.

ಶನಿವಾರ ಹತ್ತು ಗಂಟೆಗೆ ನಾನು ಹಠ ಮಾಡಿ ಹೊರಡಿಸಿದೆ. ಬು ಯೂಸುಫ್ ಟೋಪಿ ಹಾಕಿಕೊಂಡು, ಅದರ ಮೇಲೆ ಶಾಲು ಎಳೆದುಕೊಂಡು, ಮರಳುಗಾಳಿಗೆ ಹೊರಟವರಂತೆ ಕುಳಿತರು. ಇಪ್ಪತ್ತೆರಡನೇ ನಂಬರಿನ ಟ್ರಾಮು ಕೋಟೆಯ ಕಡೆ ಹೋಗುತ್ತದೆ. ಅರ್ಧ ಗಂಟೆಯ ಟಿಕೆಟ್ಟಿಗೆ ಮೂವತ್ತು ಕೊರುನಾ. ನಮ್ಮ ಒಂದು ದಿನಾರಿಗೆ ಎಪ್ಪತ್ತರ ಆಸುಪಾಸು ಕೊರುನಾ ಸಿಗುತ್ತದೆ. ನೆಲಕ್ಕೆ ಸಮನಾದ ಬಾಗಿಲಿನ ಟ್ರಾಮಿಗೆ ಕುರ್ಚಿ ಹತ್ತಿಸುವುದು ಸುಲಭ. ಇಳಿದ ಮೇಲೆ ಶುರುವಾಯಿತು ಕಷ್ಟ. ಪ್ರಾಗಿನ ಬೀದಿಗಳಿಗೆಲ್ಲ ಕಲ್ಲು ಹಾಸಿದ್ದಾರೆ, ಇಡ್ಲಿಯಷ್ಟೇ ಗಾತ್ರದ ಉಬ್ಬು ಕಲ್ಲುಗಳು. ಕುರ್ಚಿಯ ಮುಂದಿನ ಚಿಕ್ಕ ಗಾಲಿಗಳು ಸಂದಿಗೆ ಸಿಕ್ಕಿ ನಿಂತವೆಂದರೆ ನಿಂತವು. ಎರಡು ಸಲ ಬು ಯೂಸುಫ್ ಮುಗ್ಗರಿಸಿ ಬೀಳುವುದರಲ್ಲಿದ್ದರು. ನಿಲ್ದಾಣದಲ್ಲಿ ನಿಂತಿದ್ದ ಒಬ್ಬ ಅಜ್ಜಿ ಕೈಸನ್ನೆ ಮಾಡಿ ತಿಳಿಸಿದಳು: ಮುಂದೆ ತಳ್ಳಬೇಡ, ಕುರ್ಚಿಯನ್ನು ತಿರುಗಿಸಿ ಹಿಂದಕ್ಕೆ ವಾಲಿಸಿ ಎಳೆದುಕೊಂಡು ಹೋಗು. ಹಾಗೆ ಮಾಡಿದರೆ ದೊಡ್ಡ ಗಾಲಿಗಳು ಉರುಳಿದವು.

ಅಲ್ಲಿಂದ ಮುಂದೆ ಪ್ರಾಗನ್ನು ನಾನು ನೋಡಿದ್ದು ಮುಂದಿನಿಂದ, ಅವರು ನೋಡಿದ್ದು ಹಿಂದಿನಿಂದ. ಕೋಟೆಗೆ ನನ್ನ ಟಿಕೆಟ್ಟು ನಾನೂರೈವತ್ತು ಕೊರುನಾ, ಗಾಲಿಕುರ್ಚಿಯವರಿಗೆ ಬಿಟ್ಟಿ. ಒಳಗಿನ ದೊಡ್ಡ ಇಗರ್ಜಿಯ ಬಣ್ಣದ ಗಾಜುಗಳಿಂದ ನೆಲದ ಮೇಲೆ ಕೆಂಪು ನೀಲಿ ಬೆಳಕು ಬಿದ್ದಿತ್ತು. ಚೆಲುವೆಂದರೆ ಚೆಲುವೇ. ನಾನು ಮಾತ್ರ ಕಂಬಕ್ಕೆ ಒರಗಿ ಸೊಂಟ ತಿಕ್ಕಿಕೊಳ್ಳುತ್ತಿದ್ದೆ. ಅರಮನೆಯ ಸಭಾಂಗಣ, ಚಿಕ್ಕ ಚಿಕ್ಕ ಬಣ್ಣದ ಮನೆಗಳ ಓಣಿ, ಕಾವಲುಗಾರರು ಪಾಳಿ ಬದಲಿಸುವುದು, ಎಲ್ಲ ನೋಡಿದೆವು. ಎಲ್ಲ ಕಡೆಯೂ ಮೆಟ್ಟಿಲು. ಐವತ್ತೇಳು ವರ್ಷದವನು ಎಂಬತ್ತರ ಹತ್ತಿರದವರನ್ನು ಎಳೆದಾಡಿದರೆ ಕೊನೆಗೆ ಯಾರು ಯಾರನ್ನು ನೋಡಿಕೊಳ್ಳುವುದೋ ತಿಳಿಯದು. ಬೀದಿಯಲ್ಲಿ ಕೋಲಿಗೆ ಹಿಟ್ಟು ಸುತ್ತಿ ಕೆಂಡದ ಮೇಲೆ ಸುಟ್ಟು ಸಕ್ಕರೆ ಹಚ್ಚಿದ ತಿಂಡಿ ಮಾರುತ್ತಿದ್ದರು. ಒಂದನ್ನು ಇಬ್ಬರೂ ಹಂಚಿಕೊಂಡು ತಿಂದೆವು. ಅನ್ನ ಸಾರು ಇಲ್ಲದೆ ನಾಲ್ಕನೇ ದಿನ ನಡೆಯುತ್ತಿತ್ತು.

ಭಾನುವಾರ ಸೇತುವೆಗೆ ಹೋದೆವು. ವಲ್ತಾವಾ ನದಿಯ ಮೇಲೆ ಇದೊಂದು ಹಳೆಯ ಕಲ್ಲುಸೇತುವೆ, ಎರಡು ಬದಿಗೂ ಸಾಲು ಪ್ರತಿಮೆಗಳು. ವಾಹನ ಬಿಡುವುದಿಲ್ಲ. ಚಿತ್ರ ಬರೆಯುವವರು, ಪಿಟೀಲು ಬಾರಿಸುವವರು, ಸರ ಮಾರುವವರು, ಕಾಲಿಡಲು ಜಾಗವಿಲ್ಲ. ಒಂದು ಪ್ರತಿಮೆಯ ಕೆಳಗಿನ ಹಿತ್ತಾಳೆಯ ತಗಡನ್ನು ಮುಟ್ಟಿದರೆ ಬಯಸಿದ್ದು ಆಗುತ್ತದಂತೆ. ಜನ ಸಾಲು ನಿಂತು ಮುಟ್ಟಿ ಮುಟ್ಟಿ ಅದು ಬಂಗಾರದಂತೆ ಹೊಳೆಯುತ್ತಿತ್ತು. ನಾನು ಸಾಲು ನಿಲ್ಲಲಿಲ್ಲ. ಬಯಸುವುದಕ್ಕಾದರೂ ಮೈಯಲ್ಲಿ ಕಸುವು ಬೇಡವೇ.

ಸೇತುವೆ ದಾಟಿ ಕೆಳಗಿಳಿದರೆ ನದಿಯ ಅಂಚಿಗೆ ಒಂದು ಹುಲ್ಲುಗಾವಲು. ಊರಿನ ಜನ ಬಿಸಿಲಿನಲ್ಲಿ ಹಪ್ಪಳ ಒಣಗಿಸಿದಂತೆ ತಮ್ಮನ್ನು ತಾವೇ ಹರಡಿಕೊಂಡು ಮಲಗಿದ್ದರು. ನೆರಳಿನ ಬೆಂಚುಗಳೆಲ್ಲ ತುಂಬಿದ್ದವು. ಬಿಸಿಲಿನಲ್ಲಿ ಒಂದು ಖಾಲಿ ಇತ್ತು. ನಾನು ಕೇಳದೆಯೇ ಅದರ ಪಕ್ಕಕ್ಕೆ ಕುರ್ಚಿ ನಿಲ್ಲಿಸಿ ಕುಳಿತುಬಿಟ್ಟೆ. ಇನ್ನೊಂದು ಹೆಜ್ಜೆ ಇಡುವುದು ನನ್ನಿಂದ ಆಗುತ್ತಿರಲಿಲ್ಲ. ಬು ಯೂಸುಫ್ ಏನಾದರೂ ಅನ್ನುತ್ತಾರೆ ಎಂದು ಕಾದೆ. ಅವರು ಶಾಲು ತೆಗೆದರು, ಆಮೇಲೆ ಟೋಪಿ ತೆಗೆದರು, ಕಣ್ಣು ಮುಚ್ಚಿದರು.

ಚಹಾ ಇರಲಿಲ್ಲ. ನಮಾಜು ಆಗಿರಲಿಲ್ಲ. ಊಟವೂ ಆಗಿರಲಿಲ್ಲ. ಗೆಳೆಯರು ಹೇಳಿಕೊಟ್ಟ ಯಾವ ಹೊತ್ತೂ ಅದಲ್ಲ. ಆದರೂ ಮಾತು ಬಾಯಿಂದ ಹೊರಟಿತು. ಬು ಯೂಸುಫರ ಪ್ರಾಯದ ಕುವೈತಿ ವ್ಯಾಪಾರಿಗಳಿಗೆ ಮುಂಬಯಿಯ ಹಿಂದಿ ಚೆನ್ನಾಗಿ ಬರುತ್ತದೆ. ನಾವು ಆಡಿದ್ದು ಆ ಹಿಂದಿಯಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಾನು ಊರಿಗೆ ಹೋಗ್ಬೇಕು ಅಂತ ಇದ್ದೇನೆ, ಬು ಯೂಸುಫ್. ರಜೆಗೆ ಅಲ್ಲ. ಪೂರ್ತಿ."

ಅವರು ಕಣ್ಣು ತೆರೆದರು. "ಕೆಲಸ ಬೇಡ್ವಾ ನಿನಗೆ?"

"ಬೇಡ. ಸಾಕಾಗಿದೆ."

"ಯಾವಾಗಿಂದ?"

"ಮೂರು ವರ್ಷ ಆಯ್ತು."

ಅವರು ನದಿಯ ಕಡೆ ತಿರುಗಿದರು. ಪಾರ್ಶ್ವವಾಯು ಬಡಿದು ಎದ್ದ ಮೇಲೆ ಅವರಿಗೆ ಆ ಅಂಗಡಿಯೊಂದೇ ಆಸರೆ, ನಾನು ಕೈಬಿಟ್ಟರೆ ಮನುಷ್ಯ ಹಾಸಿಗೆ ಹಿಡಿಯುತ್ತಾರೆ ಎಂಬ ಭಯದಲ್ಲೇ ನಾನು ಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದು. ಈಗ ಆ ಪೆಟ್ಟನ್ನು ಪರದೇಶದಲ್ಲಿ ಕೊಟ್ಟೆನಲ್ಲ ಎಂದು ಹೆದರಿದೆ.

"ಸದಾ, ನಾನು ದಿನಾ ದುಕಾನಿಗೆ ಯಾಕೆ ಬರ್ತೇನೆ, ಗೊತ್ತಾ ನಿನಗೆ?" ಎಂದರು. "ಮಕ್ಕಳು ಮುಚ್ಚು ಮುಚ್ಚು ಅಂತಾರೆ. ಕಂಪೆನಿ ಫೈಲ್ ನನ್ನ ಹೆಸರಲ್ಲಿ ಇದೆ. ಅದು ಮುಚ್ಚಿದ್ರೆ ನಿನ್ನ ಇಕಾಮಾ ಖಲಾಸ್, ಕುವೈತಲ್ಲಿ ಇರೋ ಪರವಾನಗಿಯೇ ಹೋಯ್ತು. ಈ ಪ್ರಾಯದಲ್ಲಿ ನಿನ್ನನ್ನು ಇನ್ಯಾವ ಕಫೀಲ್ ತಗೊಳ್ತಾನೆ? ಅದಕ್ಕೆ ಬರ್ತೇನೆ. ಇಲ್ಲದಿದ್ರೆ ಈ ಕಾಲು ಇಟ್ಕೊಂಡು ಆ ಧೂಳಲ್ಲಿ ನನಗೆ ಎಂತ ಕೆಲಸ?"

ನನಗೆ ಮೊದಲು ಬಂದದ್ದು ಸಿಟ್ಟು. ಶೋಭಾಳ ಮೂರು ವರ್ಷ, ನನ್ನ ಮೂರು ವರ್ಷ, ಇವರ ಮೂರು ವರ್ಷ. ದಿನಕ್ಕೆ ಎರಡೋ ಮೂರೋ ಗಿರಾಕಿ ಬರುವ ಅಂಗಡಿಯಲ್ಲಿ ಎದುರುಬದುರು ಕುಳಿತು ನಾವಿಬ್ಬರೂ ಒಬ್ಬರನ್ನೊಬ್ಬರು ಸಾಕುತ್ತಿದ್ದೆವು. ಆಮೇಲೆ ಸಿಟ್ಟು ಇಳಿಯಿತು. ನಾನು ಅವರಿಗೆ ನನ್ನ ಕಡೆಯದನ್ನೂ ಹೇಳಿದೆ: ನಾನು ಬರದಿದ್ದರೆ ನೀವು ಮನೆಯಲ್ಲಿ ಮಲಗಿಬಿಡುತ್ತೀರಿ ಎಂದು ನಾನು ಬರುತ್ತಿದ್ದೆ ಎಂದೆ.

"ಮಲಗೋದು ನನಗೆ ಇಷ್ಟ," ಎಂದರು ಬು ಯೂಸುಫ್.

ಅವರು ನಗಲಿಲ್ಲ, ನಿಜವಾಗಿಯೇ ಹೇಳಿದ್ದು. ಮೊದಲು ನಕ್ಕವನು ನಾನು. ಆಮೇಲೆ ಅವರ ಭುಜ ಕುಲುಕತೊಡಗಿತು. ಹುಲ್ಲಿನ ಮೇಲೆ ಮಲಗಿದ್ದ ಒಬ್ಬಾಕೆ ತಲೆಯೆತ್ತಿ ನಮ್ಮನ್ನು ನೋಡಿ ಮತ್ತೆ ಮಲಗಿದಳು. ಹಾಗಾದರೆ ಅಂಗಡಿ ಮುಚ್ಚಿಬಿಡೋಣ, ನೀನು ಊರಿಗೆ ಹೋಗು ಎಂದರು ಬು ಯೂಸುಫ್. ಬಿಸಿಲು ಸರಿದು ನೆರಳು ಬರುವ ತನಕ ನಾವು ಏಳಲಿಲ್ಲ. ದೋಣಿಗಳು ಹೋಗುತ್ತಿದ್ದವು, ಬಾತುಕೋಳಿಗಳಿಗೆ ಯಾರೋ ರೊಟ್ಟಿ ಎಸೆಯುತ್ತಿದ್ದರು. ಐದು ದಿನಗಳಲ್ಲಿ ನಾನು ಪ್ರಾಗನ್ನು ನೆಟ್ಟಗೆ ನೋಡಿದ್ದು ಆ ಹೊತ್ತಿನಲ್ಲಿ ಮಾತ್ರ. ಶೋಭಾಳಿಗೆ ಫೋನು ಮಾಡಿ, ನಾನು ಕೇಳಿದೆ, ಅವರು ಒಪ್ಪಿದರು ಎಂದೆ. ಅವಳು ನಂಬಲಿಲ್ಲ. ಊರಿಗೆ ಬರುವ ಟಿಕೆಟ್ಟು ಕಳಿಸಿ, ಆಗ ನಂಬುತ್ತೇನೆ ಎಂದಳು.

ಸೋಮವಾರ ಮರಳಿ ಪ್ರಯಾಣ. ಕುವೈತಿನಲ್ಲಿ ಇಳಿದಾಗ ಹೊರಗೆ ನಲವತ್ತು ಡಿಗ್ರಿಯ ಸಂಜೆ. ವಿಮಾನ ನಿಲ್ದಾಣದಲ್ಲಿ ಆ ದೇಶದವರಿಗೆ ಒಂದು ಸಾಲು, ನಮ್ಮಂಥವರಿಗೆ ಬೇರೆ ಸಾಲು. ಬು ಯೂಸುಫರ ಕುರ್ಚಿಯನ್ನು ನಿಲ್ದಾಣದ ಆಳು ತಳ್ಳಿಕೊಂಡು ಎರಡು ನಿಮಿಷದಲ್ಲಿ ಆಚೆ ದಾಟಿಸಿದ. ನನ್ನ ಸಾಲು ಉದ್ದವಿತ್ತು. ಮಕ್ಕಳು ಹೊರಗೆ ಕಾಯುತ್ತಿದ್ದಾರೆ, ನೀವು ಹೋಗಿ ಎಂದು ನಾನು ಕೈ ಮಾಡಿದೆ. ಅವರು ಹೋಗಲಿಲ್ಲ. ಆಳಿಗೆ ಏನೋ ಹೇಳಿ ಕುರ್ಚಿಯನ್ನು ನನ್ನ ಕಡೆ ತಿರುಗಿಸಿ ನಿಲ್ಲಿಸಿಕೊಂಡರು.

ಮುಕ್ಕಾಲು ಗಂಟೆಯಾಯಿತು. ಅಧಿಕಾರಿ ನನ್ನ ಇಕಾಮಾ ನೋಡಿ ಮುದ್ರೆ ಒತ್ತಿ ಮುಂದಿನವನನ್ನು ಕರೆದ. ಈ ಸಾಲಿನಲ್ಲಿ ಇನ್ನೊಮ್ಮೆ ನಿಲ್ಲುವುದಿಲ್ಲ ಎಂಬ ಯೋಚನೆ ಬಂದು, ಖುಷಿಯಾಗಬೇಕಾದ ಕಡೆ ನನಗೆ ಅಳು ಬಂತು. ಬು ಯೂಸುಫರ ಹತ್ತಿರ ಬಂದು ಕುರ್ಚಿಯ ಹಿಡಿಕೆ ಹಿಡಿದೆ.

"ನಾಳೆ ದುಕಾನಿಗೆ ಬರ್ತೀಯಲ್ಲ?" ಎಂದು ಕೇಳಿದರು.

ಮುಚ್ಚುವ ಮಾತಾಗಿತ್ತಲ್ಲ ಎಂದೆ.

"ಮುಚ್ಚೋಣ," ಎಂದರು. "ಒಬ್ಬನೇ ಮುಚ್ಚೋದಕ್ಕೆ ನನ್ನಿಂದ ಆಗುದಿಲ್ಲ ಸದಾ."

ಎಂಟು ಗಂಟೆಗೆ ಬರುತ್ತೇನೆ ಎಂದು ಹೇಳಿ ಕುರ್ಚಿಯನ್ನು ಬಾಗಿಲಿನ ಕಡೆ ತಳ್ಳಿದೆ.