ಆಡು ಆರಿಸಿದ ಬೇಲಿ

ನಾನು ಮದುವೆಯಾಗಿ ಶಿರೋಳಕ್ಕೆ ಬಂದಾಗ ನರಗುಂದದಲ್ಲಿ ಇನ್ನೂ ಅರಸರ ಆಳ್ವಿಕೆ ಇತ್ತು. ತವರು ಗಜೇಂದ್ರಗಡದ ಗುಡ್ಡದ ಬುಡದ ಒಕ್ಕಲು ಮನೆ. ಗಂಡನ ಮನೆಯ ಬಾವಿಯ ಪಕ್ಕದಲ್ಲಿ ಅತ್ತೆಯದೊಂದು ಕಾಯಿಪಲ್ಲೆಯ ತೋಟವಿತ್ತು. ಅದಕ್ಕೆ ಪ್ರತಿ ವರ್ಷ ಒಣ ಜಾಲಿಮುಳ್ಳಿನ ಬೇಲಿ ಹಾಕುತ್ತಿದ್ದರು. ಮಳೆಗಾಲದಲ್ಲಿ ಅದು ಕೊಳೆತು ಬಿದ್ದ ಕೂಡಲೇ ದನಗಳು ಬದನೆ ಗಿಡಗಳನ್ನು ಬೋಳು ಮಾಡಿಹೋಗುತ್ತಿದ್ದವು.

ಆ ವರ್ಷ ಅತ್ತೆ ಹಸಿ ಬೇಲಿಯನ್ನೇ ಬೆಳೆಸುವುದೆಂದು ನಿಶ್ಚಯಿಸಿ, ಹಳ್ಳದ ದಂಡೆಯಿಂದ ಕಳ್ಳಿಯ ಟೊಂಗೆಗಳನ್ನು ಕಡಿಯತೊಡಗಿದರು. ಎರಡನೆಯ ಏಟಿಗೇ ಕಳ್ಳಿಯ ಹಾಲು ಅವರ ಕಣ್ಣಿಗೆ ಸಿಡಿಯಿತು. ಬಾವಿಕಟ್ಟೆಯ ಮೇಲೆ ಕೂರಿಸಿ ಕೊಡಗಟ್ಟಲೆ ತಣ್ಣೀರು ಸುರಿದೆ. ಮೂರು ದಿನ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನನ್ನ ಕೈಹಿಡಿದೇ ಓಡಾಡಿದರು. ಅಲ್ಲಿಯವರೆಗೆ ನನ್ನೊಡನೆ ಕೆಲಸದ ಮಾತಷ್ಟೇ ಆಡುತ್ತಿದ್ದ ಅವರು, ಆ ಮೂರು ದಿನ ತಮ್ಮ ಬಾಲ್ಯದ ಕತೆಯನ್ನೆಲ್ಲ ಹೇಳಿದರು.

ಬಟ್ಟೆ ಬಿಚ್ಚಿದ ದಿನ ಕೇಳಿದರು: "ಕಳ್ಳಿ ಬ್ಯಾಡವಾ. ನೀರಿಗೆ ಬರೋ ಹೆಣ್ಮಕ್ಕಳ ಕಣ್ಣಿಗೂ ಹಿಂಗ ಆದರ ಹ್ಯಾಂಗ? ನಿಮ್ಮ ತವರಾಗ ಏನ ಹಚ್ತಾರ?"

"ಕವಳಿ ಹಚ್ತಾರ್ರೀ ಅತ್ತೀ. ಮುಳ್ಳೂ ಅದಾವ, ಹಣ್ಣೂ ಬಿಡತಾವ," ಎಂದೆ. ಕವಳಿ ಹಣ್ಣೆಂದರೆ ನನಗೆ ಪ್ರಾಣ ಎನ್ನುವುದನ್ನು ಹೇಳಲಿಲ್ಲ.

"ಹಂಗಾರ ನೀ ಹೇಳೂದೂ ಬ್ಯಾಡ, ನಾ ಹೇಳೂದೂ ಬ್ಯಾಡ. ಆಡನ್ನ ಕೇಳೂಣು. ಅದು ಮುಟ್ಟದ್ದನ್ನ ಬೇಲಿಗೆ ಹಚ್ಚೂಣು."

ಕವಳಿ, ಬನ್ನಿ, ಕಟು ವಾಸನೆಯ ಲಕ್ಕಿ, ಮೂರರ ಟೊಂಗೆಗಳನ್ನೂ ಅಂಗಳದಲ್ಲಿ ಸಾಲಾಗಿ ಇಟ್ಟು ಹಸಿದ ಆಡನ್ನು ಬಿಟ್ಟರು. ಅದು ಬನ್ನಿಯನ್ನು ಮುಗಿಸಿ, ಮುಳ್ಳು ತಪ್ಪಿಸುತ್ತ ಕವಳಿಯ ಎಳೆ ಎಲೆಗಳನ್ನೂ ತಿಂದಿತು. ಲಕ್ಕಿಯನ್ನು ಮೂಸಿ, ಸೀನಿ, ಹಿಂದೆ ಸರಿಯಿತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನನಗೂ ನಗು ಬಂತು, ಆದರೆ ಮುಖ ಸಣ್ಣದಾಗಿತ್ತೇನೋ.

ಮಳೆ ಹಿಡಿದ ಮೇಲೆ ಇಬ್ಬರೂ ಮೊಳಕ್ಕೊಂದರಂತೆ ಲಕ್ಕಿಯ ಕಡ್ಡಿ ನೆಟ್ಟೆವು. ಕೊನೆಯ ಕಡ್ಡಿ ಊರಿದ ಮೇಲೆ ಅತ್ತೆ ಬುಟ್ಟಿಯ ತಳದಿಂದ ಒಂದು ಕವಳಿ ಸಸಿ ತೆಗೆದು, ಬೇಲಿಯ ಒಳಗೆ ಬಾವಿಯ ಹತ್ತಿರ ಹಚ್ಚಿದರು.

"ಇದು ಬೇಲಿಗಲ್ಲ, ನಿನಗ," ಎಂದರು. ನಾನು ಬಾವಿಯಿಂದ ಒಂದು ಕೊಡ ಸೇದಿ ಅದಕ್ಕೆ ನೀರು ಹಾಕಿದೆ.

ಎರಡನೆಯ ಮಳೆಗಾಲಕ್ಕೆ ಲಕ್ಕಿ ಆಳೆತ್ತರ ಬೆಳೆದರೂ ಬುಡದಲ್ಲಿ ಕೋಳಿ ನುಸುಳುವಷ್ಟು ಸಂದು ಉಳಿಯಿತು. ನಮ್ಮಪ್ಪ ಮಾಡುತ್ತಿದ್ದಂತೆ ಕಾಂಡವನ್ನು ಬುಡದ ಹತ್ತಿರ ಅರ್ಧ ಮಾತ್ರ ಕಡಿದು, ಮೆಲ್ಲಗೆ ಬಗ್ಗಿಸಿ, ಪಕ್ಕದ ಗಿಡಗಳ ನಡುವೆ ಹೆಣೆದೆ.

"ಸಾಯತಾವಲ್ಲ ತಂಗಿ," ಅಂದರು ಅತ್ತೆ.

"ಇಲ್ಲರೀ, ಉಳದ ತೊಗಲಿನ ಕಡೆ ಜೀವ ಇರತೈತಿ."

ಹದಿನೈದು ದಿನ ಮುಂಜಾನೆ ಎದ್ದವರೇ ಹೋಗಿ ನೋಡುತ್ತಿದ್ದರು. ಕೊನೆಗೊಂದು ದಿನ ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸಿಕೊಂಡು ಹೋಗಿ, ಬಗ್ಗಿಸಿದ ಕಾಂಡದ ಉದ್ದಕ್ಕೂ ಒಡೆದ ಚಿಗುರನ್ನು ತಾವೇ ಕಂಡುಹಿಡಿದವರಂತೆ ತೋರಿಸಿದರು.

ಮರುವರ್ಷ ಬೆಳವಣಕಿಯಿಂದ ಅತ್ತೆಯ ತಂಗಿ ಲಕ್ಕಿಯ ಕಡ್ಡಿ ಕೇಳಿಕೊಂಡು ಬಂದರು. ಅತ್ತೆ ಕಟ್ಟು ಕಟ್ಟಿಕೊಟ್ಟು ಹೇಳಿದರು: "ಹಚ್ಚೂದು ಯಾರಿಗೂ ಬರತೈತಿ. ಬಗ್ಗಸೂದನ್ನ ನಮ್ಮ ಸೊಸಿ ಕಡೆ ಕಲಕೊಂಡು ಹೋಗು."