ಮಾರೇನಹಳ್ಳಿ ಮಿಲ್ಲಿನ ಒಂದು ಹಿಡಿ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವನು ನಾನು. ಯೋಗಾನಂದ ಮೇಷ್ಟ್ರಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮಕ್ಕಳು ಆಡಿಕೊಳ್ಳುತ್ತಿದ್ದರು. ನಿವೃತ್ತಿಯಾದ ಮೇಲೆ ಆ ಕೆಲಸವನ್ನು ನನ್ನ ಹೆಂಡತಿ ಮಾಲವಿಕಾ ವಹಿಸಿಕೊಂಡಿದ್ದಾಳೆ. ಸುಲಭಕ್ಕೆ ಯಾರನ್ನೂ ಹೊಗಳುವ ಜಾಯಮಾನ ನನ್ನದಲ್ಲ. ಸನ್ಮಾನ ಸಮಾರಂಭಗಳಿಗೆ ಕರೆದರೆ ಹೊಟ್ಟೆ ನೋವು ಎಂದು ಹೇಳಿ ತಪ್ಪಿಸಿಕೊಳ್ಳುತ್ತೇನೆ. ಅಂಥ ನಾನು ಹಿಟ್ಟಿನ ಮಿಲ್ಲಿನ ಲಕ್ಷ್ಮಿದೇವಮ್ಮನವರ ಬಗ್ಗೆ ಬರೆಯಲು ಕೂತಿದ್ದೇನೆ. ಒಂದು ಭಾನುವಾರ ಅವರು ಮಾಡಿದ್ದನ್ನು ಕಣ್ಣಾರೆ ಕಂಡವನು ನಾನು, ಆ ಬೆರಗು ಇನ್ನೂ ಇಳಿದಿಲ್ಲ.

ಮಾರೇನಹಳ್ಳಿಯ ನಮ್ಮ ಅಡ್ಡರಸ್ತೆಯಲ್ಲಿ ಈಗ ಮೂರಂತಸ್ತಿನ ಮನೆಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಒಂದು ಕಾಲಕ್ಕೆ ಇದೆಲ್ಲ ಲಕ್ಷ್ಮಿದೇವಮ್ಮನವರ ಮಾವನ ರಾಗಿ ಹೊಲ. ಹದಿನೇಳನೇ ವಯಸ್ಸಿಗೆ ಸೊಸೆಯಾಗಿ ಬಂದ ಅವರು ಆ ಹೊಲದಲ್ಲಿ ಕಳೆ ಕಿತ್ತಿದ್ದಾರೆ, ಅದೇ ಹೊಲ ಸೈಟುಗಳಾಗಿ ಅಳತೆಗಲ್ಲು ನೆಡುವುದನ್ನೂ ನೋಡಿದ್ದಾರೆ. ಉಳಿದ ಒಂದು ತುಂಡು ಜಾಗದಲ್ಲಿ ಗಂಡ ಮಿಲ್ಲು ಹಾಕಿದರು. ಆತ ತೀರಿಕೊಂಡಾಗ ಈಕೆಗೆ ಮೂವತ್ತೊಂಬತ್ತು. ಮೈದುನ ತಮ್ಮಣ್ಣ ಮಿಲ್ಲು ಮಾರಿಬಿಡೋಣ ಎಂದರೆ, ಈಕೆ ಸೆರಗು ಸಿಕ್ಕಿಸಿಕೊಂಡು ಬೆಲ್ಟು ಏರಿಸುವುದನ್ನು ಕಲಿತರು. ನಾಲ್ಕನೇ ಕ್ಲಾಸಿನ ಓದು. ಆದರೆ ಹಿಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿ, ಇದು ಹಳೇ ರಾಗಿ, ಇದು ತೊಳೆದು ಸರಿಯಾಗಿ ಒಣಗಿಸದ ರಾಗಿ ಎಂದು ಹೇಳುವಾಗ ನನ್ನಂಥ ಪದವೀಧರನೂ ಬಾಯಿ ಮುಚ್ಚಿಕೊಳ್ಳಬೇಕು.

ಅವರ ಅತ್ತೆಯಿಂದ ಬಂದ ಒಂದು ಪದ್ಧತಿ ಆ ಮಿಲ್ಲಿನಲ್ಲಿತ್ತು. ಬಾಣಂತಿ ಇರುವ ಮನೆ, ಸೊರಗಿದ ಮಗು ಇರುವ ಮನೆಯಿಂದ ರಾಗಿ ಬಂದರೆ, ಅದರ ಮೇಲೆ ತಮ್ಮ ಕಡೆಯಿಂದ ಒಂದು ಹಿಡಿ ಹಾಕಿ ಬೀಸುವುದು. ಕಪಾಟಿನ ಮೇಲೆ ಅದಕ್ಕೆಂದೇ ಒಂದು ತಗಡಿನ ಡಬ್ಬ. ಏನು ಹಿಡಿ, ಯಾಕೆ ಹಿಡಿ ಎಂದು ಯಾರಿಗೂ ಹೇಳುವಂತಿಲ್ಲ. ಹೇಳಿಕೊಂಡರೆ ಕೊಟ್ಟದ್ದು ಮೈಗೆ ಹತ್ತುವುದಿಲ್ಲ ಎಂದು ಅತ್ತೆ ಹೇಳಿದ್ದರಂತೆ. ಹೀಗಾಗಿ ಇಪ್ಪತ್ತೇಳು ವರ್ಷ ಆ ಬೀದಿಯ ಮಕ್ಕಳೆಲ್ಲ ಲಕ್ಷ್ಮಿದೇವಮ್ಮನವರ ಒಂದು ಹಿಡಿ ತಿಂದೇ ಬೆಳೆದವು, ಯಾವ ತಾಯಿಗೂ ಅದು ಗೊತ್ತಿರಲಿಲ್ಲ.

ಇನ್ನು ನನ್ನ ಕಡೆಯ ಕಥೆ. ಮಾಲವಿಕಾಗೆ ಸೀಲಿಯಾಕ್ ಎಂಬ ಕಾಯಿಲೆ ಇದೆ. ಗೋಧಿಯಲ್ಲಿರುವ ಗ್ಲೂಟೆನ್ ಎಂಬ ಅಂಶ ಹೊಟ್ಟೆಗೆ ಹೋದರೆ ಅವಳ ಕರುಳಿನ ಒಳಪದರ ಸವೆಯುತ್ತದೆ. ಮಾತ್ರೆಯಿಲ್ಲ, ಇಂಜೆಕ್ಷನ್ ಇಲ್ಲ. ಗೋಧಿ, ಮೈದಾ, ರವೆ ಜನ್ಮಪೂರ್ತಿ ಬಿಡಬೇಕು, ಅಷ್ಟೇ. ಇದು ಗೊತ್ತಾಗುವುದಕ್ಕೆ ನಮಗೆ ಹನ್ನೊಂದು ವರ್ಷ ಹಿಡಿಯಿತು. ಅಲ್ಲಿಯವರೆಗೆ ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ನುಂಗಿಸಿದ್ದೇ ನುಂಗಿಸಿದ್ದು. ಬೇರೆಯವರಿಗೆ ಹೀಗಾಗಬಾರದೆಂದು ನಮ್ಮ ಮನೆಯ ಹಾಲಿನಲ್ಲಿ ಏಳು ಕುಟುಂಬ ಸೇರಿ ಒಂದು ಬಳಗ ಕಟ್ಟಿದೆವು, ಆಮೇಲೆ ಅದನ್ನು ಟ್ರಸ್ಟ್ ಮಾಡಿದೆವು. ಹೊಸದಾಗಿ ಕಾಯಿಲೆ ಗೊತ್ತಾದವರ ಮನೆಗೆ ಹೋಗುವುದು, ಅಡುಗೆ ಹೇಳಿಕೊಡುವುದು, ಇಂಗಿನ ಡಬ್ಬಿಯಲ್ಲೂ ಗೋಧಿ ಹಿಟ್ಟು ಬೆರೆತಿರುತ್ತದೆ ಎಂದು ತೋರಿಸುವುದು, ಪ್ರಸಾದದ ಸಜ್ಜಿಗೆ ಬೇಡ ಎಂದರೆ ದೇವರಿಗೆ ಸಿಟ್ಟು ಬರುವುದಿಲ್ಲ ಎಂದು ಅಜ್ಜಿಯರಿಗೆ ಒಪ್ಪಿಸುವುದು, ಇವು ನಮ್ಮ ಕೆಲಸ. ಕೊನೆಯದು ಎಲ್ಲಕ್ಕಿಂತ ಕಷ್ಟ.

ಬಳಗದ ಕರಪತ್ರ ಬರೆದವನು ನಾನೇ. ರಾಗಿ, ಅಕ್ಕಿ, ಜೋಳ ಧೈರ್ಯವಾಗಿ ತಿನ್ನಿ ಎಂದು ದಪ್ಪಕ್ಷರದಲ್ಲಿ ಬರೆದಿದ್ದೆ. ನಮ್ಮ ಮನೆಯಲ್ಲಿ ಮಾಲವಿಕಾ ಮಿಕ್ಸಿಯಲ್ಲೇ ಪುಡಿ ಮಾಡಿಕೊಳ್ಳುತ್ತಿದ್ದಳು, ಬೇರೆಯವರನ್ನು ಆ ರಾಗಿ ಎಲ್ಲಿ ಬೀಸಿಸುತ್ತೀರಿ ಎಂದು ಕೇಳಬೇಕೆಂದು ಮಾತ್ರ ನನಗೆ ಹೊಳೆಯಲಿಲ್ಲ.

ಬೀದಿಯ ಆ ಕೊನೆಯ ಮನೆಯ ಪ್ರಭಾ, ಪ್ರೈಮರಿ ಸ್ಕೂಲಿನ ಟೀಚರ್. ಅವಳ ಮಗಳು ಚೈತ್ರ. ಆಗ ಅವಳಿಗೆ ಹನ್ನೆರಡು, ನೋಡಿದರೆ ಎಂಟು ಅನ್ನಬೇಕು. ಕಡ್ಡಿಯಂಥ ಕೈಕಾಲು, ಉಬ್ಬಿದ ಹೊಟ್ಟೆ. ಎಂಡೋಸ್ಕೋಪಿಯಲ್ಲಿ ಸೀಲಿಯಾಕ್ ಎಂದು ಗೊತ್ತಾದ ದಿನವೇ ಪ್ರಭಾ ಮನೆಯಿಂದ ಗೋಧಿಯನ್ನು ಓಡಿಸಿದಳು. ಮಗು ಮೂರು ಹೊತ್ತೂ ರಾಗಿ ಮತ್ತು ಅನ್ನ ತಿಂದಿತು. ಒಂದೂವರೆ ವರ್ಷವಾದರೂ ರಕ್ತಪರೀಕ್ಷೆಯಲ್ಲಿ ಕಾಯಿಲೆ ತೋರಿಸುವ ಅಂಕಿ ಇಳಿಯಲಿಲ್ಲ, ಎತ್ತರ ಒಂದು ಬೆರಳೂ ಏರಲಿಲ್ಲ. "ಎಲ್ಲಿಂದಲೋ ಗೋಧಿ ಹೊಟ್ಟೆಗೆ ಹೋಗ್ತಿದೆ. ಬೆಳೆಯೋ ವಯಸ್ಸು ದಾಟಿದ್ರೆ ಮತ್ತೆ ಸಿಗಲ್ಲ, ಹುಡುಕಿ," ಎಂದರು ಡಾಕ್ಟರು.

ನಾವು ಹುಡುಕಿದೆವು. ಸಿಕ್ಕಿದ್ದು ಮಗುವೇ. ಬೇಕರಿಯಲ್ಲಿ ಬನ್ನು ಕದ್ದು ತಿನ್ನುತ್ತಿದ್ದಾಳೆ, ಗೆಳತಿಯರ ಡಬ್ಬಿಯಿಂದ ಚಪಾತಿ ತಿನ್ನುತ್ತಿದ್ದಾಳೆ ಎಂದು ತೀರ್ಮಾನಿಸಿದೆವು. ಪ್ರಭಾ ಅತ್ತು ಕೇಳಿದಳು, ಹೊಡೆದೂ ಕೇಳಿದಳು. ಕೊನೆಗೆ ಮೇಷ್ಟ್ರು ಕೇಳಿದರೆ ಹೇಳುತ್ತಾಳೇನೋ ಎಂದು ನನ್ನ ಮುಂದೆ ತಂದು ಕೂರಿಸಿದಳು. ನಾನು ಕನ್ನಡಕ ಸರಿಮಾಡಿಕೊಂಡು, ಸುಳ್ಳು ಹೇಳಿದರೆ ನಷ್ಟ ನಿನಗೇ ಎಂದು ಅರ್ಧ ಗಂಟೆ ಪಾಠ ಮಾಡಿದೆ. "ನಾನ್ ತಿಂದಿಲ್ಲ ತಾತ," ಎಂದಳು. ಎರಡನೇ ಸಲ ಕೇಳಿದಾಗ ಮಾತೇ ಆಡಲಿಲ್ಲ. ಆಮೇಲೆ ಯಾರೊಂದಿಗೂ ಹೆಚ್ಚು ಮಾತಾಡುವುದನ್ನು ಬಿಟ್ಟಳು.

ಚೈತ್ರಳ ಕಾಯಿಲೆಯ ವಿಷಯ ಬೀದಿಗೆ ಗೊತ್ತಿರಲಿಲ್ಲ. ಹೆಣ್ಣುಮಗು, ನಾಳೆ ಸಂಬಂಧ ನೋಡುವಾಗ ಅಡ್ಡ ಬರುತ್ತದೆ ಎಂದು ಪ್ರಭಾ ನಮ್ಮಿಂದ ಮಾತು ತೆಗೆದುಕೊಂಡಿದ್ದಳು. ಗಂಡ ಉದಯಕುಮಾರ್ ಬೆಳಿಗ್ಗೆ ಆಫೀಸಿಗೆ ಹೋಗುವಾಗ ರಾಗಿ ಡಬ್ಬ ಮಿಲ್ಲಿನಲ್ಲಿಟ್ಟು, ಸಂಜೆ ಬರುವಾಗ ಹಿಟ್ಟು ಒಯ್ಯುತ್ತಿದ್ದ.

ಆ ಭಾನುವಾರ ಬೆಳಿಗ್ಗೆ ನಾನು ಕರಪತ್ರದ ಕಟ್ಟು ಹಿಡಿದು ಅಂಗಡಿ ಅಂಗಡಿಗೆ ಅಂಟಿಸುತ್ತ ಮಿಲ್ಲಿಗೆ ಬಂದೆ. ಮಿಲ್ಲು ಓಡುತ್ತಿತ್ತು. ಲಕ್ಷ್ಮಿದೇವಮ್ಮನವರ ರೆಪ್ಪೆಯ ಮೇಲೂ ಹಿಟ್ಟು.

"ಏನ್ ಮೇಷ್ಟ್ರೇ, ಎಲೆಕ್ಷನ್ ಬಂತಾ?"

"ಅಲ್ಲಮ್ಮ. ಗೋಧಿ ಆಗದೇ ಇರೋ ಜನಕ್ಕೆ ಒಂದು ಬಳಗ ಮಾಡಿದೀವಿ."

"ಓದಿ ಹೇಳಿ. ಕನ್ನಡಕ ಮನೇಲೈತೆ."

ನಾನು ಓದಿದೆ. ಪಾಠ ಮಾಡುವ ಚಪಲ ಬೇರೆ, ಓದಿದ್ದಕ್ಕಿಂತ ವಿವರಿಸಿದ್ದೇ ಜಾಸ್ತಿ. ಕರುಳು ಸವೆಯುವುದು, ಎಷ್ಟು ಉಂಡರೂ ಮೈಗೆ ಹತ್ತದಿರುವುದು, ಮಕ್ಕಳಾದರೆ ಬೆಳೆಯದೆ ಸೊರಗುವುದು, ಎಲ್ಲ ಹೇಳಿದೆ.

"ಎಷ್ಟು ಗೋಧಿ ತಿಂದ್ರೆ ಹಿಂಗಾಗ್ತದೆ?"

"ಇಷ್ಟೇ ಅಂತಿಲ್ಲ. ಒಂದು ಚಿಟಿಕೆ ಸಾಕು."

ಅವರು ಸ್ವಿಚ್ಚು ಆರಿಸಿದರು. ಯಾರದೋ ರಾಗಿ ಅರ್ಧ ಇಳಿದು ಹಾಗೇ ನಿಂತಿತು. ಮಿಲ್ಲಿನ ಸದ್ದು ನಿಂತಾಗ ಬೀದಿಯೇ ನಿಂತಂತಾಯಿತು.

"ನಮ್ ಬೀದೀಲಿ ಅಂಥ ಮಗು ಐತಾ ಮೇಷ್ಟ್ರೇ?"

ಮಾತು ಕೊಟ್ಟವನು, ಸುಮ್ಮನಿದ್ದೆ. ಅವರು ನನ್ನ ಮುಖವನ್ನೇ ನೋಡಿದರು. ಹಿಟ್ಟು ಉಜ್ಜಿ ಹೇಳುವವರಿಗೆ ಮುಖ ನೋಡಿ ಹೇಳುವುದೇನು ದೊಡ್ಡದು. "ಪ್ರಭಮ್ಮನ ಮಗಳು," ಎಂದರು, ತಮಗೇ ಹೇಳಿಕೊಂಡಂತೆ. ಕಪಾಟಿನ ಮೇಲಿನ ತಗಡಿನ ಡಬ್ಬ ತೆಗೆದುಕೊಂಡು, ಬಾಗಿಲನ್ನೂ ಹಾಕದೆ ನಡೆದರು. ನಾನು ಕರಪತ್ರ ಹಿಡಿದು ಹಿಂದೆ ಹಿಂದೆ ಹೋದೆ. ನಂಬಿ, ಆಗಲೂ ನನಗೆ ಏನೂ ಹೊಳೆದಿರಲಿಲ್ಲ.

ಪ್ರಭಾಳ ಮನೆಯಲ್ಲಿ ಚೈತ್ರಳ ಸ್ಕೂಲ್ ಬ್ಯಾಗು ನೆಲಕ್ಕೆ ಸುರಿದು ಬಿದ್ದಿತ್ತು. ಹಿಂದಿನ ದಿನ ಬಂದ ರಿಪೋರ್ಟಿನಲ್ಲಿ ಅಂಕಿ ಮತ್ತೆ ಏರಿತ್ತು. ತಾಯಿ ಬಿಸ್ಕತ್ತಿನ ಕಾಗದಕ್ಕಾಗಿ ಹುಡುಕುತ್ತಿದ್ದಳು, ಮಗು ಗೋಡೆಗೆ ಒರಗಿ ನಿಂತಿತ್ತು. ಲಕ್ಷ್ಮಿದೇವಮ್ಮನವರು ಗೇಟಿನ ಹತ್ತಿರವೇ ನಿಂತರು.

"ಒಳಗ್ ಬನ್ನಿ ಅಮ್ಮ," ಎಂದಳು ಪ್ರಭಾ, ಗಾಬರಿಯಲ್ಲಿ.

"ಬರಲ್ಲ ಪ್ರಭಮ್ಮ. ನನ್ ಮೈಮೇಲೆಲ್ಲ ಗೋಧಿ ಐತೆ."

ಚಿಟಿಕೆ ಸಾಕು ಎಂದು ನಾನು ಹೇಳಿ ಹತ್ತು ನಿಮಿಷವೂ ಆಗಿರಲಿಲ್ಲ. ನಾವು ತಿಂಗಳುಗಟ್ಟಲೆ ಹೇಳಿದರೂ ಜನಕ್ಕೆ ಅರ್ಥವಾಗದ ಪಾಠ ಅದು. ಆಕೆ ಅಷ್ಟರಲ್ಲಿ ತಮ್ಮ ಮೈಯನ್ನೇ ಹೊರಗೆ ನಿಲ್ಲಿಸಿಕೊಂಡಿದ್ದರು.

ಅಲ್ಲಿಂದಲೇ ಡಬ್ಬದ ಮುಚ್ಚಳ ತೆಗೆದು ತೋರಿಸಿದರು. ಮೊಳಕೆ ಕಟ್ಟಿ ಒಣಗಿಸಿದ ಗೋಧಿ.

"ಮಗು ಸುಳ್ ಹೇಳಿಲ್ಲ ಕಣಮ್ಮ. ಸೊರಗೈತಲ್ಲ, ಶಕ್ತಿ ಬರ್ಲಿ ಅಂತ ನಿಮ್ ರಾಗಿಗೆ ಪ್ರತಿ ಸಲಾನೂ ಒಂದ್ ಹಿಡಿ ಇದನ್ನ ಹಾಕ್ತಿದ್ದೆ. ಯಾರಿಗೂ ಹೇಳ್ಲಿಲ್ಲ. ತೆಳ್ಳಗಾದಷ್ಟೂ ಹಿಡಿ ದೊಡ್ಡದು ಮಾಡ್ದೆ."

ಪ್ರಭಾ ಹೇಳಿದ್ದನ್ನೆಲ್ಲ ಇಲ್ಲಿ ಬರೆಯಲಾರೆ. ನನ್ನ ಮಗಳಿಗೆ ವಿಷ ಹಾಕಿದಿರಿ ಎಂದಳು, ಹಾಕಿ ಎಂದು ನಿಮ್ಮನ್ನು ಕೇಳಿದವರು ಯಾರು ಎಂದಳು. ಅಕ್ಕಪಕ್ಕದ ಬಾಲ್ಕನಿಗಳಲ್ಲಿ ಜನ ಬಂದು ನಿಂತರು. ಲಕ್ಷ್ಮಿದೇವಮ್ಮನವರು ಒಂದು ಮಾತಿಗೂ ಅಡ್ಡ ಮಾತಾಡಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ, ಅಳಲೂ ಇಲ್ಲ. ಎಲ್ಲ ಮುಗಿದ ಮೇಲೆ, "ಮಗೂನ ಮಾತ್ರ ಇನ್ ಏನೂ ಅನ್ಬೇಡಿ," ಎಂದು ಹೇಳಿ ಹೊರಟರು.

"ನಾನ್ ತಿಂದಿಲ್ಲ ಅಂತ ಹೇಳಿದ್ನಲ್ಲಮ್ಮ," ಎಂದಳು ಚೈತ್ರ, ಮೆಲ್ಲಗೆ. ಪ್ರಭಾ ನೆಲದ ಮೇಲೆ ಕೂತುಬಿಟ್ಟಳು. ನನಗೆ ಆ ಮಗುವಿನ ಮುಖ ನೋಡಲಾಗಲಿಲ್ಲ.

ಮನೆಗೆ ಬಂದು ಮಾಲವಿಕಾಗೆ ಎಲ್ಲ ಹೇಳಿದೆ. ಅವಳು ಹುರಿಯುತ್ತಿದ್ದ ಅವಲಕ್ಕಿಯ ಒಲೆ ಆರಿಸಿ ಕೇಳಿದಳು, "ಅವ್ರು ಹೇಳ್ದೇ ಇದ್ದಿದ್ರೆ ಏನಾಗ್ತಿತ್ತು, ಯೋಚ್ನೆ ಮಾಡಿದ್ರಾ?"

ಯೋಚಿಸಿದೆ. ಇವತ್ತಿಗೂ ಯೋಚಿಸುತ್ತಿದ್ದೇನೆ. ಅವರು ಸುಮ್ಮನೆ ಹಿಡಿ ಹಾಕುವುದನ್ನು ನಿಲ್ಲಿಸಿದ್ದರೆ ಸಾಕಿತ್ತು. ಅಂಕಿ ಒಂದಿಷ್ಟು ಇಳಿಯುತ್ತಿತ್ತು, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಮಗು ಅಂತೂ ಕದ್ದು ತಿನ್ನುವುದನ್ನು ಬಿಟ್ಟಿತು ಎಂದು ನಾವೆಲ್ಲ ಅದರ ಬೆನ್ನು ತಟ್ಟುತ್ತಿದ್ದೆವು. ಚೈತ್ರ ಸಾಯುವವರೆಗೂ ಸುಳ್ಳಿಯಾಗಿ ಉಳಿಯುತ್ತಿದ್ದಳು. ಲಕ್ಷ್ಮಿದೇವಮ್ಮನವರು ಇದನ್ನು ಮಿಲ್ಲಿನಿಂದ ಆ ಗೇಟಿನವರೆಗಿನ ಐವತ್ತು ಹೆಜ್ಜೆಯಲ್ಲಿ ತೀರ್ಮಾನಿಸಿದ್ದರು. ಅಥವಾ ತೀರ್ಮಾನಿಸುವಂಥದ್ದು ಏನೋ ಇದೆ ಎಂದೇ ಅವರಿಗೆ ಅನಿಸಿರಲಿಲ್ಲ.

ಮಿಲ್ಲು ಇಪ್ಪತ್ತಾರು ದಿನ ಮುಚ್ಚಿತ್ತು. ಗೋಧಿಯ ಹಿಡಿ ನಿಲ್ಲಿಸಿದರೆ ಸಾಲದು, ಗೋಧಿ ಬೀಸಿದ ಕಲ್ಲಿನಲ್ಲೇ ರಾಗಿ ಬೀಸಿದರೂ ತೊಂದರೆಯೇ ಎಂದು ಮಾಲವಿಕಾ ಹೋಗಿ ವಿವರಿಸಿದ್ದಳು. ಅವರು ಹಳೇ ಕಲ್ಲು ಕಿತ್ತು ಹೊಸ ಕಲ್ಲು ಹಾಕಿಸಿದರು. ಹಿಟ್ಟು ಬೀಳುವ ಬಟ್ಟೆಯ ಚೀಲ ಸುಟ್ಟರು. ತೊಲೆ, ಜಂತಿ, ಫ್ಯಾನಿನ ರೆಕ್ಕೆ ಎಲ್ಲ ತೊಳೆಸಿ ಸುಣ್ಣ ಹೊಡೆಸಿದರು. ಬಾಗಿಲಿಗೆ ಬೋರ್ಡು ಬಂತು: ಇಲ್ಲಿ ಗೋಧಿ ಬೀಸುವುದಿಲ್ಲ, ಗೋಧಿ ಹಿಡಿದು ಒಳಗೆ ಬರಬೇಡಿ.

"ಗೋಧಿ ಬೀಸದೇ ಇರೋ ಮಿಲ್ಲು ಯಾವ್ ಊರಲ್ಲೈತೆ ಅತ್ತಿಗೆ? ಬರೋ ಗಿರಾಕೀಲಿ ಮುಕ್ಕಾಲು ಪಾಲು ಗೋಧಿಯೋರೇ," ಎಂದು ತಮ್ಮಣ್ಣ ಕೂಗಾಡಿದ.

"ಇರೋ ಕಾಲು ಪಾಲು ಬರ್ಲಿ ಬುಡು," ಎಂದರಂತೆ.

ಕಾಲು ಪಾಲೂ ಬರಲಿಲ್ಲ. ಮೊದಲ ವಾರ ಹೋದದ್ದು ನಮ್ಮ ಮನೆಯ ರಾಗಿ ಒಂದೇ. ಆ ಹಿಟ್ಟನ್ನು ನಾನು ಲ್ಯಾಬಿಗೆ ಕಳಿಸಿದೆ, ಗ್ಲೂಟೆನ್ ಇಲ್ಲ ಎಂದು ಬಂತು. ಕರಪತ್ರವನ್ನು ಹೊಸದಾಗಿ ಬರೆದೆ, ಮಿಲ್ಲಿನ ಮಾತನ್ನು ಮೊದಲ ಸಾಲಿಗೆ ಹಾಕಿದೆ. ನಿಧಾನಕ್ಕೆ ಬಳಗದವರು ಬರತೊಡಗಿದರು. ಕೆಂಗೇರಿಯಿಂದ ಮೆಟ್ರೋದಲ್ಲಿ ರಾಗಿ ಚೀಲ ತೊಡೆಯ ಮೇಲಿಟ್ಟುಕೊಂಡು ಬಂದರು, ಮಲ್ಲತ್ತಹಳ್ಳಿಯಿಂದ ಸ್ಕೂಟರಿನಲ್ಲಿ ಬಂದರು. ಯಾರ ಡಬ್ಬಕ್ಕೂ ಲಕ್ಷ್ಮಿದೇವಮ್ಮನವರು ಮತ್ತೆ ಹಿಡಿ ಹಾಕಲಿಲ್ಲ. ಆ ತಗಡಿನ ಡಬ್ಬ ಕಪಾಟಿನ ಮೇಲಿಂದ ಹೋಗಿತ್ತು. ಪ್ರಭಾಳ ಮನೆಯ ರಾಗಿ ಮಾತ್ರ ಬರಲಿಲ್ಲ. ಅವಳು ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿಕೊಳ್ಳುತ್ತಿದ್ದಳು. ಎದುರು ಸಿಕ್ಕರೆ ರಸ್ತೆಯ ಆ ಬದಿಗೆ ಹೋಗುತ್ತಿದ್ದಳು. ಲಕ್ಷ್ಮಿದೇವಮ್ಮನವರು ನನ್ನನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಮಗು ಬೆಳೀತೈತಾ ಮೇಷ್ಟ್ರೇ?"

ಹತ್ತು ತಿಂಗಳ ಮೇಲೆ ಒಂದು ಶನಿವಾರ ಮಧ್ಯಾಹ್ನ ನಾನು ಮಿಲ್ಲಿನಲ್ಲಿ ಕೂತಿದ್ದೆ. ಚೈತ್ರ ರಾಗಿ ಡಬ್ಬ ಹಿಡಿದು ಒಬ್ಬಳೇ ಬಂದಳು. ಯೂನಿಫಾರ್ಮಿನ ಲಂಗ ಮೊಣಕಾಲಿಗಿಂತ ಮೇಲೆ ಹೋಗಿತ್ತು, ವರ್ಷದ ಮಧ್ಯದಲ್ಲಿ ಹೊಸದು ಹೊಲಿಸಬೇಕಾದಷ್ಟು. ರಿಪೋರ್ಟು ಹಿಂದಿನ ದಿನ ಬಂದಿತ್ತು, ಅಂಕಿ ಇಳಿದು ನಾರ್ಮಲ್ ಆಗಿತ್ತು.

"ಅಮ್ಮ ಕಳ್ಸಿದ್ರು," ಎಂದು ಡಬ್ಬ ಇಟ್ಟಳು.

ಲಕ್ಷ್ಮಿದೇವಮ್ಮನವರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ರಾಗಿಯನ್ನು ಮಿಲ್ಲಿನ ಬಾಯಿಗೆ ಸುರಿದು ಸ್ವಿಚ್ಚಿಗೆ ಕೈ ಹಾಕಿದರು.

"ಅಜ್ಜಿ, ಹಿಡಿ ಹಾಕಲ್ವಾ?"

"ಬಿಟ್ಬಿಟ್ಟೆ ಮಗಾ."

"ಮುಂಚೆ ಎಲ್ಲಾ ಮಕ್ಕಳಿಗೂ ಹಾಕ್ತಿದ್ರಂತೆ. ನಂಗೂ ಬೇಕು."

ಅವರು ಮಿಲ್ಲಿನ ಹಿಂದಿರುವ ತಮ್ಮ ಮನೆಗೆ ಹೋಗಿ, ಕೈ ತೊಳೆದುಕೊಂಡು, ಮುಷ್ಟಿ ಬಿಗಿಹಿಡಿದು ಬಂದರು. ಬೆಳಕು ಬೀಳುವ ಬಾಗಿಲ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಹುಡುಗಿಯ ಮುಂದೆ ಅಂಗೈ ಬಿಡಿಸಿದರು. ಹಸಿರು ಹೆಸರುಕಾಳು.

"ನೋಡ್ಕೊ ಮಗಾ. ಎಲ್ಲಾ ಕಾಳೂ ನೋಡ್ಕೊ."

ಚೈತ್ರ ಬಗ್ಗಿ ಬೆರಳಿನಿಂದ ಕಾಳುಗಳನ್ನು ಒಂದೊಂದಾಗಿ ಸರಿಸಿ ನೋಡಿದಳು. ಅವಸರ ಮಾಡಲಿಲ್ಲ. ನಂಬಿಕೆಯ ಮಾತೆಂದು ಸುಮ್ಮನೆ ತಲೆಯಾಡಿಸಲೂ ಇಲ್ಲ. ಕೊನೆಯ ಕಾಳಿನವರೆಗೆ ನೋಡಿ, ಆ ಅಂಗೈಯನ್ನು ತನ್ನ ಎರಡು ಕೈಯಿಂದ ಮಡಚಿದಳು.

"ಹಾಕಿ ಅಜ್ಜಿ," ಎಂದಳು.